ಹಳೆಯ ಟರ್ಮಿನಲ್ ಪ್ರೋಗ್ರಾಂಗಳನ್ನು ಒಂದೇ ಲೈನಿಗೆ ಹಾಕಿ ಹೋಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಫೋನ್ ಲೈನ್ ಅಥವಾ ಸೀರಿಯಲ್ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಸೇರಿಕೊಂಡು ಕೆಲಸ ಮಾಡಲು, ಫೈಲ್ ಕಳಿಸಲು ಟರ್ಮಿನಲ್ ಪ್ರೋಗ್ರಾಂ ಬೇಕಿತ್ತು. ಅವುಗಳಲ್ಲಿ ಪ್ರೊಕಾಮ್ ಒಳ್ಳೇದಾ, ಟೆಲಿಕ್ಸ್ ಒಳ್ಳೇದಾ, ಕರ್ಮಿಟ್ ಒಳ್ಳೇದಾ? ಇದಕ್ಕೆ ಉತ್ತರ ಹುಡುಕುವವರು ಹೆಚ್ಚಾಗಿ ಸೌಲಭ್ಯಗಳ ಪಟ್ಟಿ ಹಿಡಿದು ಕೂರುತ್ತಾರೆ. ಆ ಪಟ್ಟಿಯಿಂದ ಏನೂ ಗೊತ್ತಾಗಲ್ಲ. ಎಲ್ಲ ಪ್ರೋಗ್ರಾಂಗಳೂ ವಿಟಿ100 (ಆ ಹೆಸರಿನ ಟರ್ಮಿನಲ್‌ನ ಅನುಕರಣೆ) ಇದೆ ಅನ್ನುತ್ತವೆ, ಎಕ್ಸ್‌ಮೋಡೆಮ್ (ಫೈಲ್ ಕಳಿಸುವ ಒಂದು ವಿಧಾನ) ಇದೆ ಅನ್ನುತ್ತವೆ. ವ್ಯತ್ಯಾಸ ಕಾಣುವುದು ಲೈನಿಗೆ ಹಾಕಿದಾಗ, ಅದರಲ್ಲೂ ಲೈನ್ ಕೆಟ್ಟಾಗ. ಯಾಕೆಂದರೆ ಇವು ಒಂದೊಂದೂ ಒಂದೊಂದು ಬಗೆಯ ಲೈನಿನ ಕಾಟ ತಾಳಲಾರದೆ ಹುಟ್ಟಿದವು. ಹಾಗಾಗಿ ಒಂದೇ ಲೈನ್, ಅದೇ ಫೈಲ್, ಅದೇ ತೊಂದರೆ ಇಟ್ಟುಕೊಂಡು ಎಲ್ಲವನ್ನೂ ಓಡಿಸಬೇಕು. ಅದನ್ನು ಮನೆಯಲ್ಲೇ ಮಾಡುವ ದಾರಿ ಇಲ್ಲಿದೆ.

ಹೆಜ್ಜೆ 1: ಯಾವ್ಯಾವುದನ್ನು ಹೋಲಿಸಬೇಕು

1978ರ ಪ್ರೋಗ್ರಾಂ ಪಕ್ಕದಲ್ಲಿ 1990ರದ್ದನ್ನು ಇಟ್ಟು ಅಂಕ ಕೊಟ್ಟರೆ ಅನ್ಯಾಯ ಅಲ್ವಾ? ಅದಕ್ಕೇ ಮೊದಲು ಕಾಲದ ಪ್ರಕಾರ ಗುಂಪು ಮಾಡಿಕೊಳ್ಳಿ.

ಮೊದಲ ಗುಂಪು ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ ಕಾಲದ್ದು. ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಬರೆದ ಮೋಡೆಮ್ ಎಂಬ ಪುಟ್ಟ ಪ್ರೋಗ್ರಾಂ ಇದರ ಬೇರು. ಎಕ್ಸ್‌ಮೋಡೆಮ್ ಹುಟ್ಟಿದ್ದೂ ಅದರೊಳಗೇ. ಮುಂದಿನ ವರ್ಷ ಅವರೇ ರ‍್ಯಾಂಡಿ ಸೂಸ್ ಜೊತೆ ಸೇರಿ ಶಿಕಾಗೋದಲ್ಲಿ ಸಿಬಿಬಿಎಸ್ ಎಂಬ ಮೊದಲ ಬುಲೆಟಿನ್ ಬೋರ್ಡ್ (ಬಿಬಿಎಸ್, ಅಂದರೆ ಫೋನ್ ಮೂಲಕ ಸೇರಿ ಸಂದೇಶ ಓದುವ, ಬರೆಯುವ ಕಂಪ್ಯೂಟರ್) ಶುರು ಮಾಡಿದರು. ಮೋಡೆಮ್7 ಈ ಪ್ರೋಗ್ರಾಂನ ಮುಂದಿನ ಪೀಳಿಗೆ. ಸಿಪಿ/ಎಂ ಯಂತ್ರಗಳಲ್ಲಿ ಸೀರಿಯಲ್ ಪೋರ್ಟ್ ಇಂಥ ಕಡೆಯೇ ಇರಬೇಕು ಎಂಬ ನಿಯಮ ಇರಲಿಲ್ಲ. ಹಾಗಾಗಿ ಅಸೆಂಬ್ಲಿ ಸೋರ್ಸ್‌ನ ಮೇಲ್ಭಾಗದಲ್ಲಿ ಪೋರ್ಟ್ ವಿಳಾಸ ಬದಲಿಸಿ, ಮತ್ತೆ ಅಸೆಂಬಲ್ ಮಾಡಿಯೇ ಬಳಸಬೇಕಿತ್ತು. ಅಂದರೆ ಈ ಗುಂಪಿನಲ್ಲಿ ಇನ್‌ಸ್ಟಾಲ್ ಮಾಡುವುದೇ ಒಂದು ಪರೀಕ್ಷೆ.

ಎರಡನೇದು ಐಬಿಎಂ ಪಿಸಿಯ ಮೊದಲ ವರ್ಷಗಳು. 1982ರಲ್ಲಿ ಆಂಡ್ರ್ಯೂ ಫ್ಲುಗಲ್‌ಮನ್ ಪಿಸಿ-ಟಾಕ್ ಹೊರತಂದರು. ಬೇಸಿಕ್‌ನಲ್ಲಿ ಬರೆದದ್ದು. ನಕಲು ಮಾಡಿ ಹಂಚಿ, ಇಷ್ಟವಾದರೆ ಹಣ ಕಳಿಸಿ ಎಂಬ ಪದ್ಧತಿಗೆ ಅವರು ಫ್ರೀವೇರ್ ಎಂದು ಹೆಸರಿಟ್ಟರು. ಮೈಕ್ರೋಸ್ಟಫ್ ಕಂಪನಿಯ ಕ್ರಾಸ್‌ಟಾಕ್ ದುಡ್ಡು ಕೊಟ್ಟು ತರುವ ಬಗೆ, ಕಚೇರಿಗಳಿಗೆ ಅಂತ ಮಾಡಿದ್ದು. ಇವೆರಡರ ಪಕ್ಕದಲ್ಲಿ ಕರ್ಮಿಟ್ ಇಡಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಡಾ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ 1981ರಲ್ಲಿ ಶುರು ಮಾಡಿದ ಕೆಲಸ ಅದು. ವಿದ್ಯಾರ್ಥಿಗಳು ತಮ್ಮ ಫೈಲುಗಳನ್ನು ದೊಡ್ಡ ಕಂಪ್ಯೂಟರಿನಿಂದ ಫ್ಲಾಪಿಗೆ ಇಳಿಸಿಕೊಳ್ಳಲಿ ಎಂಬುದು ಉದ್ದೇಶ.

ಮೂರನೇದು 80ರ ದಶಕದ ಎರಡನೇ ಅರ್ಧ. ಡೇಟಾಸ್ಟಾರ್ಮ್‌ನ ಪ್ರೊಕಾಮ್, ಜಾನ್ ಫ್ರೀಲ್ ಅವರ ಕ್ಯೂಮೋಡೆಮ್, ಕಾಲಿನ್ ಸಾಂಪಲೇನು ಅವರ ಟೆಲಿಕ್ಸ್. ಮೂರೂ ಶೇರ್‌ವೇರ್ ಆಗಿ ಹರಡಿದವು. ಮ್ಯಾಕಿಂಟಾಷ್ ಕಡೆ ರೆಡ್ ರೈಡರ್, ಆ್ಯಪಲ್‌ನದೇ ಆದ ಮ್ಯಾಕ್‌ಟರ್ಮಿನಲ್ ಇದ್ದವು. ಈ ಬರಹದಲ್ಲಿ ನಾನು ಹೆಚ್ಚಾಗಿ ಡಾಸ್ (ಐಬಿಎಂ ಪಿಸಿಯ ಆಪರೇಟಿಂಗ್ ಸಿಸ್ಟಮ್) ಪ್ರೋಗ್ರಾಂಗಳನ್ನೇ ಇಟ್ಟುಕೊಂಡಿದ್ದೇನೆ. ಅವುಗಳನ್ನು ಇವತ್ತು ಓಡಿಸುವುದು ಸುಲಭ, ಅಷ್ಟೇ ಕಾರಣ.

ಡಾಸ್‌ನಲ್ಲೇ ಇಷ್ಟೊಂದು ಪ್ರೋಗ್ರಾಂ ಯಾಕೆ ಬಂದವು ಅನ್ನುವುದಕ್ಕೂ ಒಂದು ಕಾರಣ ಇದೆ. ಪಿಸಿಯಲ್ಲಿ ಕಾಮ್1, ಅಂದರೆ ಮೊದಲ ಸೀರಿಯಲ್ ಪೋರ್ಟ್, ಎಂದರೆ 3ಎಫ್8 ವಿಳಾಸ, 4ನೇ ಇಂಟರಪ್ಟ್ (ಅಕ್ಷರ ಬಂತು ಎಂದು ತಾನಾಗಿ ಎಚ್ಚರಿಸುವ ಸಿಗ್ನಲ್). ಎಲ್ಲ ಯಂತ್ರದಲ್ಲೂ ಅದೇ. ಪಿಸಿಯೊಳಗಿನ ಮೂಲ ತಂತ್ರಾಂಶವಾದ ಬಯಾಸ್ ಕೊಡುತ್ತಿದ್ದ ಸೀರಿಯಲ್ ಸೇವೆ ಇಂಟರಪ್ಟ್ ಬಳಸುತ್ತಿರಲಿಲ್ಲ. ಪ್ರೋಗ್ರಾಂ ತಾನೇ ಹೋಗಿ ಅಕ್ಷರ ಬಂತಾ ಎಂದು ಕೇಳುತ್ತಿರಬೇಕಿತ್ತು, ಕೇಳುವುದು ತಡವಾದರೆ ಅಕ್ಷರ ಹೋಯಿತು. ಹಾಗಾಗಿ ಪ್ರತಿಯೊಬ್ಬರೂ ಚಿಪ್ ಜೊತೆ ನೇರವಾಗಿ ಮಾತಾಡುವ ತಮ್ಮದೇ ಕೋಡ್ ಬರೆದುಕೊಂಡರು. ಯಾರ ಪ್ರೋಗ್ರಾಂ ಅಕ್ಷರ ನುಂಗುತ್ತದೆ, ಯಾರದ್ದು ನುಂಗುವುದಿಲ್ಲ ಎಂಬುದು ಆ ಕೋಡ್ ಮೇಲೆ ನಿಂತಿತ್ತು.

ಹೆಜ್ಜೆ 2: ಲೈನ್ ಎಳೆಯುವುದು

ಟೆಲಿಫೋನ್ ಬೇಕಿಲ್ಲ. ಎರಡು ದಾರಿ ಇವೆ.

ಹಳೆಯ ಯಂತ್ರಗಳಿದ್ದರೆ ನಲ್ ಮೋಡೆಮ್ ಕೇಬಲ್ (ನಡುವೆ ಮೋಡೆಮ್ ಇಲ್ಲದೆ ಎರಡು ಯಂತ್ರ ಜೋಡಿಸುವ ಕೇಬಲ್) ಸಾಕು. 9 ಪಿನ್ ಕನೆಕ್ಟರ್‌ನಲ್ಲಿ 2 ಮತ್ತು 3 ಅಡ್ಡಡ್ಡ, 7 ಮತ್ತು 8 ಅಡ್ಡಡ್ಡ, 5 ನೇರ. 4 ಮತ್ತು 6 ಕೂಡ ಅಡ್ಡ ಹಾಕಿಬಿಡಿ. ಎದುರಿಗೆ ಯಾರೋ ಇದ್ದಾರೆ ಎಂಬ ಸಿಗ್ನಲ್ ಸಿಗದಿದ್ದರೆ ಕೆಲವು ಪ್ರೋಗ್ರಾಂ ಬಾಯೇ ಬಿಡುವುದಿಲ್ಲ. ಕೊಮೊಡೋರ್ 64 ಇದ್ದವರು ಹುಷಾರು. ಅದರ ಯೂಸರ್ ಪೋರ್ಟ್ 5 ವೋಲ್ಟ್ ಮಟ್ಟದ್ದು, ಆರ್‌ಎಸ್-232 ಅಲ್ಲ. ನಡುವೆ ಅಡಾಪ್ಟರ್ ಇಲ್ಲದೆ ನೇರ ಜೋಡಿಸಿದರೆ ಚಿಪ್ ಸುಟ್ಟುಹೋಗಬಹುದು.

ಯಂತ್ರ ಇಲ್ಲದವರಿಗೆ ಡಾಸ್‌ಬಾಕ್ಸ್ ಇದೆ, ಡಾಸ್ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂ ಅದು. ಅದರ ಕಾನ್ಫಿಗ್ ಫೈಲಿನಲ್ಲಿ ಮೊದಲ ಸೀರಿಯಲ್ ಪೋರ್ಟ್‌ಗೆ ನಲ್‌ಮೋಡೆಮ್ ಎಂದು ಕೊಡಿ. ಒಂದು ಡಾಸ್‌ಬಾಕ್ಸ್ ಕಾಯುತ್ತಾ ಕೂರಲಿ. ಇನ್ನೊಂದಕ್ಕೆ ಸರ್ವರ್ ವಿಳಾಸವಾಗಿ ನಿಮ್ಮದೇ ಯಂತ್ರವನ್ನು ಕೊಟ್ಟರೆ ಎರಡೂ ಜೋಡಿಯಾಗುತ್ತವೆ. ಎರಡು ಮಾತು ನೆನಪಿರಲಿ. ಡಾಸ್‌ಬಾಕ್ಸ್ ತಾನಾಗಿ ಹಿಡಿಯುವುದು 23ನೇ ನೆಟ್‌ವರ್ಕ್ ಪೋರ್ಟ್. ಲಿನಕ್ಸ್‌ನಲ್ಲಿ ಸಾಮಾನ್ಯ ಬಳಕೆದಾರನಿಗೆ ಅದು ಸಿಗದೆ ಹೋಗಬಹುದು, ಅದಕ್ಕೆ 5000ದಂಥ ದೊಡ್ಡ ಸಂಖ್ಯೆ ಕೊಡಿ. ಎರಡನೇದು, ಎರಡೂ ಕಡೆ ಟ್ರಾನ್ಸ್‌ಪರೆಂಟ್ ಆಯ್ಕೆ ಹಾಕಿ. ಇಲ್ಲದಿದ್ದರೆ ಡಾಸ್‌ಬಾಕ್ಸ್ ತನ್ನ ಗುಟ್ಟಿನ ಸಂಕೇತಗಳನ್ನು ಡೇಟಾ ನಡುವೆ ತೂರಿಸುತ್ತದೆ. ಮುಂದೆ ಲೈನ್ ಕೆಡಿಸುವಾಗ ಅದು ಗೊಂದಲ ಮಾಡುತ್ತದೆ.

ಹೆಜ್ಜೆ 3: ಬಿಟ್ ಲೆಕ್ಕ ಸರಿಮಾಡಿ, ಆಮೇಲೆ ಬೇಕೆಂದೇ ತಪ್ಪಿಸಿ

ಮೊದಲು ಎರಡೂ ಕಡೆ ಸೆಕೆಂಡಿಗೆ 2400 ಬಿಟ್ ವೇಗ, ಅಕ್ಷರಕ್ಕೆ 8 ಬಿಟ್, ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಇಲ್ಲ, 1 ಸ್ಟಾಪ್ ಬಿಟ್ ಇಡಿ. ಪ್ರೊಕಾಮ್‌ನಲ್ಲಿ ಆಲ್ಟ್-ಪಿ ಒತ್ತಿದರೆ ಈ ಪರದೆ ಬರುತ್ತದೆ. ಕರ್ಮಿಟ್‌ನಲ್ಲಿ ಸೆಟ್ ಎಂಬ ಆಜ್ಞೆಯನ್ನು ಟೈಪ್ ಮಾಡಬೇಕು. ಸ್ಟಾರ್ಟ್ ಬಿಟ್ ಸೇರಿ ಒಂದು ಅಕ್ಷರಕ್ಕೆ 10 ಬಿಟ್ ಆಯಿತು, ಅಂದರೆ ಸೆಕೆಂಡಿಗೆ 240 ಅಕ್ಷರ. 80 ಅಕ್ಷರದ 24 ಸಾಲು ತುಂಬಲು 8 ಸೆಕೆಂಡ್. ಒಮ್ಮೆ 300ಕ್ಕೆ ಇಳಿಸಿಯೂ ನೋಡಿ, ಅದೇ ಪರದೆ ತುಂಬಲು 64 ಸೆಕೆಂಡ್ ಹಿಡಿಯುತ್ತದೆ. ಆ ಕಾಲದ ಮೆನುಗಳು ಯಾಕೆ ಅಷ್ಟು ಚಿಕ್ಕದಾಗಿದ್ದವು ಎಂದು ಆಗ ತಾನಾಗೇ ತಿಳಿಯುತ್ತದೆ.

ನಿಜವಾದ ಕೇಬಲ್ ಇದ್ದರೆ ಈಗ ಒಂದು ಕಡೆ ಮಾತ್ರ 7 ಬಿಟ್, ಈವನ್ ಪ್ಯಾರಿಟಿ ಮಾಡಿ. 8 ಬಿಟ್ ಇರುವ ಕಡೆ ಕಸ ಕಾಣುತ್ತದೆ. ಆದರೆ ಪೂರ್ತಿ ಕಸ ಅಲ್ಲ. ದೊಡ್ಡ ಎ ಸರಿಯಾಗಿ ಬರುತ್ತದೆ, ದೊಡ್ಡ ಸಿ ಬಂದ ಜಾಗದಲ್ಲಿ ಮಾತ್ರ ಒಂದು ಗೆರೆಚಿತ್ರ. ಎ ಅಕ್ಷರದಲ್ಲಿ ಎರಡು 1 ಇವೆ, ಸಿ ಅಕ್ಷರದಲ್ಲಿ ಮೂರು. ಬೆಸ ಸಂಖ್ಯೆಯ 1 ಇರುವ ಅಕ್ಷರಕ್ಕೆಲ್ಲ ಪ್ಯಾರಿಟಿ ಬಿಟ್ ಮೇಲಿಂದ ಕೂರುತ್ತದೆ. ಅರ್ಧ ಓದಲು ಬಂದರೆ ಪ್ಯಾರಿಟಿ ತಪ್ಪಿದೆ, ಒಂದಕ್ಷರವೂ ಓದಲು ಬರದಿದ್ದರೆ ವೇಗ ತಪ್ಪಿದೆ. ಈ ಒಂದು ಸೂತ್ರ ಗೊತ್ತಿದ್ದರೆ ಸಾಕಷ್ಟು ಸಮಯ ಉಳಿಯುತ್ತದೆ.

ಇನ್ನೊಂದು ಬಗೆಯ ಕಸವೂ ಇದೆ. ಪಿಸಿಯ ಗೆರೆ ಅಕ್ಷರಗಳಿಂದ ಬರೆದ ಚೌಕವನ್ನು 8ನೇ ಬಿಟ್ ಕತ್ತರಿಸುವ ಲೈನಿನಲ್ಲಿ ಕಳಿಸಿ. ಮೇಲಿನ ಅಂಚಿನಲ್ಲಿ ಝಡ್, ಆಮೇಲೆ ಸಾಲಾಗಿ ಡಿ ಡಿ ಡಿ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ. ಪಕ್ಕದ ಅಂಚುಗಳೆಲ್ಲ 3. ಇದನ್ನು ಕಂಡ ಕೂಡಲೇ ಸೆಟ್ಟಿಂಗ್ ಪರದೆ ತೆರೆಯಿರಿ, ಬೇರೆ ಏನೂ ಹುಡುಕಬೇಡಿ.

ಹೆಜ್ಜೆ 4: ಪರದೆಯ ಪರೀಕ್ಷೆ

ಒಂದು ಪುಟ್ಟ ಫೈಲ್ ಮಾಡಿಕೊಳ್ಳಿ. ಅದರಲ್ಲಿ ಎಸ್ಕೇಪ್ ಕೋಡ್‌ಗಳು (ಪರದೆಗೆ ಆಜ್ಞೆ ಕೊಡುವ ಅಕ್ಷರಸಾಲುಗಳು) ಈ ಕ್ರಮದಲ್ಲಿರಲಿ: ಪರದೆ ಅಳಿಸುವುದು, ಕರ್ಸರನ್ನು 10ನೇ ಸಾಲು 20ನೇ ಅಂಕಣಕ್ಕೆ ಒಯ್ಯುವುದು, ಹಿನ್ನೆಲೆ ತಿರುಗಿಸಿದ ಅಕ್ಷರ, ಕೆಂಪು ಬಣ್ಣ, 5ರಿಂದ 15ನೇ ಸಾಲಿನವರೆಗೆ ಮಾತ್ರ ಸ್ಕ್ರೋಲ್ ಆಗುವ ಭಾಗ, ಡೆಕ್ ಕಂಪನಿಯ ಗೆರೆ ಅಕ್ಷರಗಳಿಂದ ಒಂದು ಚೌಕ. ಕೊನೆಗೆ, ಕರ್ಸರ್ ಎಲ್ಲಿದೆ ಎಂದು ಕೇಳುವ ಕೋಡ್. ಎದುರು ಕಡೆಯಿಂದ ಈ ಫೈಲನ್ನು ಹಾಗೇ ಸುರಿಯಿರಿ. ನೆಟ್‌ವರ್ಕ್ ಮೂಲಕ ಡೇಟಾ ಕಳಿಸುವ ನೆಟ್‌ಕ್ಯಾಟ್‌ನಂಥ ಟೂಲ್ ಇದ್ದರೆ ಇದಕ್ಕೆ ಸಾಕು.

ಪರದೆ ಅಳಿಸುವುದು, ಕರ್ಸರ್, ಬಣ್ಣ ಇವೆಲ್ಲ ಬಿಬಿಎಸ್‌ಗೆ ಬೇಕಾದ ಆನ್ಸಿ ಕೋಡ್‌ಗಳು. ಸ್ಕ್ರೋಲ್ ಭಾಗ ಮತ್ತು ಡೆಕ್ ಗೆರೆಗಳು 1978ರಲ್ಲಿ ಬಂದ ವಿಟಿ100 ಟರ್ಮಿನಲ್‌ನವು. ದೊಡ್ಡ ಕಂಪ್ಯೂಟರಿನ ಎಡಿಟರ್‌ಗಳು ಇವನ್ನು ನಂಬಿಕೊಂಡಿದ್ದವು. ಸ್ಕ್ರೋಲ್ ಭಾಗ ಕೈಕೊಟ್ಟರೆ ಎಡಿಟರ್‌ನಲ್ಲಿ ಒಂದು ಸಾಲು ಸೇರಿಸಿದ ಕೂಡಲೇ ಕೆಳಗಿನ ಸ್ಟೇಟಸ್ ಸಾಲು ಮೇಲೇರಿಬಿಡುತ್ತದೆ. ಕೆಲವು ಪ್ರೋಗ್ರಾಂಗಳಲ್ಲಿ ವಿಟಿ100 ಎಂದು ಬರೆದಿದ್ದರೂ ಒಳಗಿರುವುದು ಆನ್ಸಿ ಮಾತ್ರ. ಈ ಫೈಲ್ ಅದನ್ನು ಬಯಲು ಮಾಡುತ್ತದೆ.

ಕೊನೆಯ ಪ್ರಶ್ನೆಗೆ ಉತ್ತರ ಬಂತಾ ಎಂದು ಎದುರು ಕಡೆ ನೋಡಿ. ಎಷ್ಟೋ ಬಿಬಿಎಸ್‌ಗಳು ಇದನ್ನೇ ಕೇಳಿ, ಉತ್ತರ ಬಂದರೆ ಬಣ್ಣದ ಮೆನು, ಬರದಿದ್ದರೆ ಬೋಳು ಮೆನು ಕೊಡುತ್ತಿದ್ದವು.

ಈ ಪರೀಕ್ಷೆಯಲ್ಲಿ ನನ್ನ ಅಂಕ ಕರ್ಮಿಟ್‌ಗೆ. 1990ರ ಎಂಎಸ್-ಕರ್ಮಿಟ್ 3.0 ವಿಟಿ100ರ ಮುಂದಿನ ಪೀಳಿಗೆಯಾದ ವಿಟಿ320ರ ಮಟ್ಟಕ್ಕೇ ಹೋಗಿತ್ತು. ನೋಡೋಕೆ ಬೋಳು, ಆದರೆ ಟರ್ಮಿನಲ್ ಕೆಲಸದಲ್ಲಿ ಬಲು ನಿಯತ್ತು. ಅಂದಹಾಗೆ, ಮೊದಲ ಸಲ ಬಳಸುವವರು ಅದರಿಂದ ಹೊರಬರಲು ಪರದಾಡುತ್ತಾರೆ. ಕಂಟ್ರೋಲ್ ಹಿಡಿದು ಬಲಗಡೆ ಚೌಕ ಕಂಸ ಒತ್ತಿ, ಆಮೇಲೆ ಸಿ ಒತ್ತಿ. ಪ್ರಾಂಪ್ಟ್ ಸಿಗುತ್ತದೆ.

ಹೆಜ್ಜೆ 5: ಫೈಲ್ ಕಳಿಸುವ ಪರೀಕ್ಷೆ

ನಿಜವಾದ ಹೋಲಿಕೆ ಇಲ್ಲಿದೆ. ನಾಲ್ಕು ಫೈಲ್ ಮಾಡಿಕೊಳ್ಳಿ. ಸರಿಯಾಗಿ 1000 ಬೈಟ್‌ನ ಒಂದು. 0ಯಿಂದ 255ರವರೆಗಿನ ಎಲ್ಲ ಬೈಟ್‌ಗಳನ್ನು 256 ಸಲ ಬರೆದ 65,536 ಬೈಟ್‌ನ ಇನ್ನೊಂದು. ಅಷ್ಟೇ ಗಾತ್ರದ, ಬರೀ ಸೊನ್ನೆಗಳ ಮೂರನೇದು. ಸುಮ್ನೆ ಯಾವುದಾದರೂ ಪಠ್ಯ ನಾಲ್ಕನೇದು.

ಮೊದಲು 1000 ಬೈಟ್‌ನ ಫೈಲನ್ನು ಎಕ್ಸ್‌ಮೋಡೆಮ್‌ನಲ್ಲಿ ಕಳಿಸಿ, ಬಂದ ಫೈಲಿನ ಗಾತ್ರ ನೋಡಿ. 1024 ಆಗಿರುತ್ತದೆ. ಎಕ್ಸ್‌ಮೋಡೆಮ್ 128 ಬೈಟ್‌ನ ತುಂಡುಗಳಲ್ಲೇ ಕಳಿಸುವುದು, ಕೊನೆಯ ತುಂಡು ತುಂಬದಿದ್ದರೆ ಕಂಟ್ರೋಲ್-ಝಡ್ ಹಾಕಿ ತುಂಬಿಸುತ್ತದೆ. ಸಿಪಿ/ಎಂಗೆ ಇದು ತೊಂದರೆಯೇ ಅಲ್ಲ, ಅಲ್ಲಿ ಫೈಲಿನ ಲೆಕ್ಕವೇ 128ರ ತುಂಡುಗಳಲ್ಲಿ. ಡಾಸ್‌ಗೆ ಬಂದ ಮೇಲೆ ಅದು ಕಿರಿಕಿರಿಯಾಯಿತು. ಫೈಲಿನ ಹೆಸರನ್ನೂ ಎಕ್ಸ್‌ಮೋಡೆಮ್ ಕಳಿಸುವುದಿಲ್ಲ, ಪಡೆಯುವವರೇ ಟೈಪ್ ಮಾಡಬೇಕು.

ಈಗ ದೊಡ್ಡ ಫೈಲ್. ಗಡಿಯಾರ ಹಿಡಿಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಒಂದೊಂದು ತುಂಡಿಗೂ ಮುಂದೆ ಮೂರು ಬೈಟ್ ಇರುತ್ತದೆ: ಶುರುವಿನ ಗುರುತು, ತುಂಡಿನ ಸಂಖ್ಯೆ, 255ರಿಂದ ಆ ಸಂಖ್ಯೆ ಕಳೆದದ್ದು. ಹಿಂದೆ ತಪ್ಪು ಹಿಡಿಯಲು ಒಂದು ಬೈಟ್ ಚೆಕ್‌ಸಮ್. ಒಟ್ಟು 132. ಅದಕ್ಕೆ ಎದುರಿನಿಂದ ಬರುವ ಒಂದು ಬೈಟ್ ಉತ್ತರ. 512 ತುಂಡು ಗುಣಿಸು 133 ಎಂದರೆ 68,096 ಅಕ್ಷರ. 2400 ವೇಗದಲ್ಲಿ 284 ಸೆಕೆಂಡ್. ಏನೂ ಹೊರೆ ಇಲ್ಲದೆ ಬರೀ ಡೇಟಾ ಹೋಗಿದ್ದರೆ 273 ಆಗುತ್ತಿತ್ತು. ಪರವಾಗಿಲ್ಲ ಅನಿಸುತ್ತದೆ ಅಲ್ವಾ?

ಆದರೆ ಎಕ್ಸ್‌ಮೋಡೆಮ್ ಪ್ರತಿ ತುಂಡಿಗೂ ಉತ್ತರ ಬರುವವರೆಗೆ ಕೈಕಟ್ಟಿ ಕೂರುತ್ತದೆ. ನಡುವೆ ದೂರದ ನೆಟ್‌ವರ್ಕ್ ಇದ್ದು ಹೋಗಿ ಬರಲು ಅರ್ಧ ಸೆಕೆಂಡ್ ಹಿಡಿದರೆ 256 ಸೆಕೆಂಡ್ ಬರೀ ಕಾಯುವುದಕ್ಕೇ ಹೋಯಿತು. ಹೆಚ್ಚುಕಡಿಮೆ ಎರಡರಷ್ಟು ಸಮಯ. ಇದೇ ಫೈಲನ್ನು 1024ರ ತುಂಡು ಬಳಸುವ ವೈಮೋಡೆಮ್‌ನಲ್ಲಿ ಕಳಿಸಿದರೆ 64 ಸಲ ಮಾತ್ರ ಕಾಯಬೇಕು. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ಮಾಡಿದ ಝಡ್‌ಮೋಡೆಮ್ ಕಾಯುವುದೇ ಇಲ್ಲ. ಸುರಿಯುತ್ತಾ ಹೋಗುತ್ತದೆ, ತಪ್ಪಾದರೆ ಎದುರಿನವರು ಎಲ್ಲಿಂದ ಬೇಕು ಎಂದು ಹೇಳುತ್ತಾರೆ. ಟೆಲಿಕ್ಸ್ ಇದನ್ನು ಒಳಗೇ ಇಟ್ಟುಕೊಂಡಿತ್ತು. ಹಳೆಯ ಪ್ರೊಕಾಮ್‌ನಲ್ಲಿ ಇರಲಿಲ್ಲ, ಡಿಎಸ್‌ಝಡ್ ಎಂಬ ಹೊರಗಿನ ಪ್ರೋಗ್ರಾಂ ಸೇರಿಸಿಕೊಳ್ಳಬೇಕಿತ್ತು. ಬಿಬಿಎಸ್ ಜನ ಟೆಲಿಕ್ಸ್ ಕಡೆ ವಾಲಿದ್ದಕ್ಕೆ ಇದು ದೊಡ್ಡ ಕಾರಣ ಎಂದು ನನ್ನ ಅನಿಸಿಕೆ.

ಕರ್ಮಿಟ್‌ನಲ್ಲಿ ಅದೇ ದೊಡ್ಡ ಫೈಲ್ ಕಳಿಸಿ. ನಿಧಾನ ಅನಿಸುತ್ತದೆ. ಅದಕ್ಕೂ ಕಾರಣ ಇದೆ. ಕರ್ಮಿಟ್ ಕಂಟ್ರೋಲ್ ಅಕ್ಷರವನ್ನು ಹಾಗೇ ಕಳಿಸುವುದಿಲ್ಲ, ಮುಂದೆ # ಹಾಕಿ ಓದುವ ಅಕ್ಷರವಾಗಿ ಬದಲಿಸುತ್ತದೆ. 256 ಬೈಟ್‌ಗಳಲ್ಲಿ 66ಕ್ಕೆ ಹೀಗೆ ಆಗುತ್ತದೆ, ಅಂದರೆ ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ಹೊರೆ. ಲೈನ್ 7 ಬಿಟ್‌ನದಾದರೆ 128ರಿಂದ ಮೇಲಿನ ಪ್ರತಿ ಬೈಟ್‌ಗೂ ಒಂದು & ಸೇರುತ್ತದೆ, ಹೊರೆ ಮುಕ್ಕಾಲು ಪಾಲು ದಾಟುತ್ತದೆ. ಪಠ್ಯ ಫೈಲಿನಲ್ಲಿ ಈ ಹೊರೆ ಬಹಳ ಕಡಿಮೆ. ಸೊನ್ನೆಗಳ ಫೈಲ್ ಕಳಿಸಿದರೆ ಆಟ ಉಲ್ಟಾ: ಒಂದೇ ಬೈಟ್ ಸಾಲಾಗಿ ಬಂದರೆ ಕರ್ಮಿಟ್ ~ ಗುರುತು ಹಾಕಿ ಎಣಿಕೆ ಮಾತ್ರ ಕಳಿಸುತ್ತದೆ. 94 ಸೊನ್ನೆ 4 ಅಕ್ಷರದಲ್ಲಿ ಮುಗಿಯುತ್ತದೆ. ಎಕ್ಸ್‌ಮೋಡೆಮ್ ಪಾಪ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತದೆ.

ಈಗ ಹೆಜ್ಜೆ 3ರ 7 ಬಿಟ್, ಈವನ್ ಪ್ಯಾರಿಟಿಯನ್ನು ಈ ಸಲ ಎರಡೂ ಕಡೆ ಮಾಡಿ, ಕರ್ಮಿಟ್‌ಗೂ ಆ ಪ್ಯಾರಿಟಿ ಹೇಳಿ, ಮತ್ತೆ ಎಲ್ಲವನ್ನೂ ಓಡಿಸಿ. ಎಕ್ಸ್‌ಮೋಡೆಮ್‌ಗೆ 8 ಬಿಟ್ ಬೇಕೇ ಬೇಕು. ಕೆಲವು ಪ್ರೋಗ್ರಾಂಗಳು ಫೈಲ್ ಕಳಿಸುವಾಗ ತಾವೇ 8 ಬಿಟ್‌ಗೆ ಬದಲಾಗುತ್ತವೆ, ಉಳಿದವು ಮೊದಲ ತುಂಡಿನಲ್ಲೇ ಕೈಚೆಲ್ಲುತ್ತವೆ. ಆದರೆ ನಡುವಿನ ಯಂತ್ರವೇ 8ನೇ ಬಿಟ್ ಕತ್ತರಿಸುವಂಥದ್ದಾದರೆ ಬದಲಾಗಿಯೂ ಪ್ರಯೋಜನವಿಲ್ಲ. ಕರ್ಮಿಟ್ ಮಾತ್ರ ತನ್ನ ಪಾಡಿಗೆ ಫೈಲ್ ತಂದುಕೊಡುತ್ತದೆ. ಕಂಟ್ರೋಲ್-ಎಸ್, ಕಂಟ್ರೋಲ್-ಕ್ಯೂ ನುಂಗುವ ಲೈನಿನಲ್ಲೂ ಇದೇ ಕತೆ. ದೊಡ್ಡ ಕಂಪ್ಯೂಟರುಗಳ ಟರ್ಮಿನಲ್ ಲೈನುಗಳು ಹೀಗೇ ಇರುತ್ತಿದ್ದವು.

ಹೆಜ್ಜೆ 6: ಲೈನ್ ಕೆಡಿಸಿ

ಎರಡು ಡಾಸ್‌ಬಾಕ್ಸ್ ನಡುವೆ ಒಂದು ಪುಟ್ಟ ರಿಲೇ ಪ್ರೋಗ್ರಾಂ ಬರೆದು ಕೂರಿಸಿ. ಒಂದು ಕಡೆಯಿಂದ ಬಂದ ಬೈಟ್ ಇನ್ನೊಂದು ಕಡೆಗೆ ಕೊಡುವುದು, ಪ್ರತಿ 2000ನೇ ಬೈಟ್‌ನಲ್ಲಿ ಒಂದು ಬಿಟ್ ತಿರುಗಿಸುವುದು. ನಿಮಗೆ ಬರುವ ಯಾವ ಭಾಷೆಯಲ್ಲಾದರೂ ಇದು ಹತ್ತಿಪ್ಪತ್ತು ಸಾಲಿನ ಕೆಲಸ.

ಎಕ್ಸ್‌ಮೋಡೆಮ್‌ನಲ್ಲಿ ಸುಮಾರು 15 ತುಂಡಿಗೆ ಒಂದು ಕೆಡುತ್ತದೆ. ಅದನ್ನು ಮತ್ತೆ ಕಳಿಸಿದರೆ ಮುಗಿಯಿತು, ನಷ್ಟ 132 ಬೈಟ್ ಮಾತ್ರ. ವೈಮೋಡೆಮ್‌ನ 1024ರ ತುಂಡಾದರೆ ಹೆಚ್ಚುಕಡಿಮೆ ಎರಡಕ್ಕೊಂದು ಕೆಡುತ್ತದೆ. ಒಳ್ಳೆ ಲೈನಿನಲ್ಲಿ ಗೆದ್ದದ್ದು ಇಲ್ಲಿ ಎರಡರಷ್ಟು ಸಮಯ ತಿನ್ನುತ್ತದೆ. ತುಂಡು ದೊಡ್ಡದಾದಷ್ಟೂ ಒಳ್ಳೇದು ಎಂದು ಬರೆದ ಹೋಲಿಕೆಗಳನ್ನು ನಾನು ನಂಬದಿರುವುದು ಇದಕ್ಕೇ.

ಇನ್ನೊಂದು ಕಿತಾಪತಿ ಮಾಡಿ. ಬಿಟ್ ತಿರುಗಿಸುವ ಬದಲು ಒಂದು ತುಂಡಿನೊಳಗಿನ ಅಕ್ಕಪಕ್ಕದ ಎರಡು ಬೈಟ್‌ಗಳನ್ನು ಅದಲುಬದಲು ಮಾಡಿ. ಹಳೆಯ ಎಕ್ಸ್‌ಮೋಡೆಮ್ ಚೆಕ್‌ಸಮ್ ಎಂದರೆ ಬೈಟ್‌ಗಳನ್ನೆಲ್ಲ ಕೂಡಿಸಿ 256ರಿಂದ ಭಾಗಿಸಿ ಉಳಿದದ್ದು. ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಗುವುದಿಲ್ಲ. ಫೈಲ್ ಕೆಟ್ಟೇ ಬರುತ್ತದೆ, ಪ್ರೋಗ್ರಾಂ ಮಾತ್ರ ಯಶಸ್ವಿ ಎಂದು ಸಾರುತ್ತದೆ. ಬೈಟ್‌ಗಳ ಕ್ರಮವನ್ನೂ ಲೆಕ್ಕಕ್ಕೆ ಹಿಡಿಯುವ ಸಿಆರ್‌ಸಿ ಬಳಸುವ ಎಕ್ಸ್‌ಮೋಡೆಮ್ ಇದನ್ನು ಹಿಡಿಯುತ್ತದೆ. ಪಡೆಯುವ ಕಡೆಯವರು ಶುರುವಿಗೆ ನ್ಯಾಕ್ (ಸರಿಯಾಗಿ ಬಂದಿಲ್ಲ, ಕಳಿಸಿ ಎನ್ನುವ ಬೈಟ್) ಬದಲು ದೊಡ್ಡ ಸಿ ಅಕ್ಷರ ಕಳಿಸಿದರೆ ಸಿಆರ್‌ಸಿ ಬೇಕು ಎಂದರ್ಥ. ನಿಮ್ಮ ಪ್ರೋಗ್ರಾಂ ಮೊದಲು ಯಾವುದನ್ನು ಕೇಳುತ್ತದೆ ಎಂದು ರಿಲೇಯಲ್ಲೇ ನೋಡಿ ಬರೆದಿಟ್ಟುಕೊಳ್ಳಿ.

ಕೊನೆಗೆ ಅರ್ಧದಲ್ಲಿ ಲೈನ್ ಕತ್ತರಿಸಿ, ಮತ್ತೆ ಜೋಡಿಸಿ. ಝಡ್‌ಮೋಡೆಮ್ ಬಿಟ್ಟ ಜಾಗದಿಂದ ಮುಂದುವರಿಸಬಲ್ಲದು. ಎಕ್ಸ್‌ಮೋಡೆಮ್ ಮೊದಲಿಂದ ಶುರು.

ಹೆಜ್ಜೆ 7: ಡಯಲ್ ಮಾಡುವುದು, ಸ್ಕ್ರಿಪ್ಟ್

1981ರಲ್ಲಿ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಬಂದ ಮೇಲೆ ಪ್ರೋಗ್ರಾಂಗಳೇ ನಂಬರ್ ಒತ್ತತೊಡಗಿದವು. ಎಟಿಡಿಟಿ ಎಂದು ಬರೆದು ನಂಬರ್ ಹಾಕಿದರೆ ಮೋಡೆಮ್ ಡಯಲ್ ಮಾಡುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಪೋರ್ಟನ್ನು ನಲ್‌ಮೋಡೆಮ್ ಬದಲು ಮೋಡೆಮ್ ಎಂದು ಮಾಡಿ, ನಂಬರ್ ಜಾಗದಲ್ಲಿ ನೆಟ್‌ವರ್ಕ್ ವಿಳಾಸ ಕೊಡಿ. ಈ ಪರೀಕ್ಷೆಯೂ ಮನೆಯಲ್ಲೇ ಆಗುತ್ತದೆ.

ಪ್ರೊಕಾಮ್ ಮತ್ತು ಟೆಲಿಕ್ಸ್‌ನಲ್ಲಿ ಆಲ್ಟ್-ಡಿ ಒತ್ತಿದರೆ ಡಯಲಿಂಗ್ ಪಟ್ಟಿ. ಲೈನ್ ಬ್ಯುಸಿ ಇದ್ದರೆ ತಾವೇ ಮತ್ತೆ ಮತ್ತೆ ಒತ್ತುತ್ತವೆ. ಹೊಸಬರು ಕೈಪಿಡಿ ತೆರೆಯದೆ ಕೆಲಸ ಶುರು ಮಾಡಬಹುದಾದದ್ದು ಪ್ರೊಕಾಮ್‌ನಲ್ಲಿ. ಕಳಿಸಲು ಪೇಜ್ ಅಪ್, ಪಡೆಯಲು ಪೇಜ್ ಡೌನ್, ಮುಗಿಸಲು ಆಲ್ಟ್-ಎಕ್ಸ್. ಸ್ಕ್ರಿಪ್ಟ್ ವಿಷಯಕ್ಕೆ ಬಂದರೆ ಟೆಲಿಕ್ಸ್‌ನ ಸಾಲ್ಟ್ ನಿಜವಾದ ಪ್ರೋಗ್ರಾಮಿಂಗ್ ಭಾಷೆ. ಪ್ರೊಕಾಮ್ ಪ್ಲಸ್‌ನ ಆಸ್ಪೆಕ್ಟ್ ಕೂಡ ಗಟ್ಟಿಯಾದದ್ದೇ. ಲಾಗಿನ್ ಪದ ಬರುವವರೆಗೆ ಕಾಯ್ದು, ಹೆಸರು ಕಳಿಸಿ, 30 ಸೆಕೆಂಡ್‌ನಲ್ಲಿ ಉತ್ತರ ಬಾರದಿದ್ದರೆ ಫೋನ್ ಇಡುವ ಒಂದೇ ಸ್ಕ್ರಿಪ್ಟನ್ನು ಎಲ್ಲದರಲ್ಲೂ ಬರೆದು ನೋಡಿ. ಆ ಕಾಯುವ ಭಾಗ ಬರೆಯಲು ಎಷ್ಟು ಸಾಲು ಬೇಕಾಯಿತು ಎಂಬುದೇ ಒಳ್ಳೆ ಅಳತೆ.

ಫೋನ್ ಇಡುವ ಪರೀಕ್ಷೆಯನ್ನು ಮರೆಯಬೇಡಿ. ಮೂರು ಕೂಡು ಚಿಹ್ನೆ ಕಳಿಸಿದರೆ ಮೋಡೆಮ್ ಆಜ್ಞೆ ಕೇಳುವ ಸ್ಥಿತಿಗೆ ಬರುತ್ತದೆ, ಆದರೆ ಅವುಗಳ ಹಿಂದೆ ಮುಂದೆ ಒಂದೊಂದು ಸೆಕೆಂಡ್ ಮೌನ ಇರಲೇಬೇಕು. ಆಮೇಲೆ ಎಟಿಎಚ್. ಸ್ಕ್ರಿಪ್ಟ್ ಆ ಮೌನ ಬಿಡದೆ ಅವಸರ ಮಾಡಿದರೆ ಮೋಡೆಮ್ ಅವನ್ನು ಮಾಮೂಲಿ ಅಕ್ಷರ ಅಂದುಕೊಂಡು ಎದುರಿನವರಿಗೆ ದಾಟಿಸಿಬಿಡುತ್ತದೆ, ಲೈನ್ ತೆರೆದೇ ಇರುತ್ತದೆ. ಡಿಟಿಆರ್ (ಕಂಪ್ಯೂಟರ್ ಸಿದ್ಧವಿದೆ ಎಂದು ಮೋಡೆಮ್‌ಗೆ ಹೇಳುವ ತಂತಿ) ಸಿಗ್ನಲ್ ಇಳಿಸಿ ಫೋನ್ ಇಡುವ ಆಯ್ಕೆ ನಿಮ್ಮ ಪ್ರೋಗ್ರಾಂನಲ್ಲಿ ಇದ್ದರೆ ಅದನ್ನೇ ಹಾಕಿಕೊಳ್ಳಿ. ಅದು ಬೇಗ, ಮತ್ತು ತಪ್ಪುವುದು ಕಡಿಮೆ.